ಬಾಯಿ ತೆಗೆದು ತೋರಿಸಿದ ಭಾನುವಾರ

ಕಕ್ಕಬೆ
11 ಜನವರಿ 2025

ಪ್ರೀತಿಯ ದೊಡ್ಡಿ,

ಹೇಗಿದ್ದೀಯಾ? ಮಂಡಿನೋವು ಇಳಿದಿದೆಯಾ? ಕೊಡ್ಲಿಪೇಟೆಯ ಚಳಿ ನಿನಗೆ ಆಗುವುದಿಲ್ಲ, ಮಗಳು ಬಿಸಿನೀರು ಕಾಯಿಸಿಕೊಡುತ್ತಾಳೆ ತಾನೇ. ಹುತ್ತರಿ ಹಬ್ಬ ಕಳೆದ ಕೂಡಲೇ ಬರೆಯುತ್ತೇನೆ ಅಂದಿದ್ದವಳು ಈಗ ಕೂತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ಕಿವಿಗೆ ಕೂಗಿ ಹೇಳಬೇಕು. ಕೂಗಿ ಹೇಳುವಂಥ ಸುದ್ದಿಯಲ್ಲ ಇದು.

ನಾನು ಹೊಗೆಸೊಪ್ಪು ಬಿಟ್ಟಿದ್ದೇನೆ. ನಗಬೇಡ. ಈ ಹೋಮ್‌ಸ್ಟೇ ಅಡುಗೆಮನೆಯಲ್ಲಿ ಒಂದೇ ವೀಳ್ಯದೆಲೆ ಹರಿದು ಹಂಚಿಕೊಂಡು ಹಾಕಿದವರು ನಾವು, ನಿನಗಲ್ಲದೆ ಇನ್ಯಾರಿಗೆ ಹೇಳಲಿ. ಸೊಸೆ ದಿವ್ಯಶ್ರೀ ತುಂಬು ಬಸುರಿಯಾಗಿದ್ದಾಗ ನನ್ನ ಮಗ ಲೋಹಿತ್ ಕುಶಾಲನಗರದಿಂದ ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದ: "ಅಮ್ಮ, ಅದನ್ನ ಬಿಟ್ರೆ ಮಗು ಎತ್ಕೋಬಹುದು. ಇಲ್ಲಾಂದ್ರೆ ಬೇಡ ಅಂತ ದಿವ್ಯ ಹೇಳಿದ್ದಾಳೆ. ನಾನೂ ಅದೇ ಹೇಳೋದು." ಅವತ್ತೇ ಎಲೆಚೀಲವನ್ನು ಒಲೆಗೆ ಹಾಕಿದೆ.

ಹುತ್ತರಿಯ ದಿನ ಯಜಮಾನಿ ಪೂವಮ್ಮಕ್ಕನ ಮನೆಯಲ್ಲಿ ಕದಿರು ತಂದು, ಊಟ ಮುಗಿಸಿ, ಎಲ್ಲರೂ ಎಲೆತಟ್ಟೆಯ ಸುತ್ತ ಕೂತರು. ತಟ್ಟೆ ನನ್ನ ಮುಂದೆ ಬಂದಾಗ ಬಾಯಲ್ಲೂ ನೀರು, ಕಣ್ಣಲ್ಲೂ ನೀರು. ಪೂವಮ್ಮಕ್ಕ ನನ್ನ ಅಂಗೈಗೆ ನಾಲ್ಕು ಲವಂಗ ಹಾಕಿ, "ಇದ್ನ ಕಚ್ಚಿಕೊಂಡಿರು ಲಿಂಗಮ್ಮ. ಆಸೆ ಹೋಗ್ತದೆ," ಅಂದರು. ಹೋಗಲಿಲ್ಲ. ನಾಲಿಗೆ ಉರಿಯಿತು ಅಷ್ಟೇ.

ಆಮೇಲೆ ಕ್ರಿಸ್‌ಮಸ್ ಗದ್ದಲ. ಎಲ್ಲ ರೂಮೂ ಭರ್ತಿ. ನಿದ್ದೆ ಇಲ್ಲ, ತಲೆ ಸಿಡಿತ, ಹೊಟ್ಟೆ ಕಟ್ಟಿಕೊಂಡು ಕಲ್ಲು. ಒಂದು ದಿನ ಪಂದಿಕರಿ ತಳ ಹಿಡಿಸಿ, ಗೆಸ್ಟುಗಳ ಮುಂದೆ ಬೈಸಿಕೊಂಡೆ. ಜೀಪು ಓಡಿಸುವ ಸಿದ್ದ ಮರುಕದಿಂದಲೇ ತನ್ನ ಪೊಟ್ಟಣ ಬಿಚ್ಚಿ, "ಒಂದು ಚೂರು ಹಾಕಿ ಅಕ್ಕ. ಸೊಸೆ ಇಲ್ಲಿಗೆ ಬಂದು ನೋಡ್ತಾಳಾ?" ಅಂದ. ನನ್ನ ಕೈ ಮುಂದೆ ಹೋಗಿತ್ತು. ಹಿಂದಕ್ಕೆ ಎಳೆದು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ, ಇನ್ನೊಬ್ಬರ ಕೈಯೇನೋ ಅನ್ನುವ ಹಾಗೆ.

ಹೋದ ಭಾನುವಾರ ಬೀಗರ ಮನೆಯಲ್ಲಿ ನಾಮಕರಣ. ಹೆಣ್ಣು ಮಗು ದೊಡ್ಡಿ, ಹಣೆ ನಮ್ಮವರದ್ದೇ. ಕೈಕಾಲು ತೊಳೆದು, ಬಸ್ಸಿನಲ್ಲಿ ಉಟ್ಟು ಬಂದ ಸೀರೆ ಬದಲಾಯಿಸಿ, ತೊಟ್ಟಿಲ ಹತ್ತಿರ ಹೋಗಿ ಕೈ ಚಾಚಿದೆ. ದಿವ್ಯಶ್ರೀ ಮಗುವನ್ನು ಎದೆಗೆ ಒತ್ತಿಕೊಂಡಳು.

"ಬಾಯಿ ತೆಗೀರಿ ಅತ್ತೆ, ನೋಡೋಣ."

ಹೆಂಗಸರೆಲ್ಲ ಸುತ್ತ ನಿಂತಿದ್ದರು. ತೆಗೆದೆ. ಅವಳ ತಾಯಿಯೂ ಬಗ್ಗಿ ನೋಡಿದರು, ಸಂತೆಯಲ್ಲಿ ದನದ ಹಲ್ಲು ನೋಡುವ ಹಾಗೆ.

"ಎಲ್ಲಾ ಕಪ್ಪಗಿದೆ. ಬಿಟ್ಟಿದ್ದೀನಿ ಅಂತ ಸುಳ್ಳು ಬೇರೆ," ಅಂದಳು.

"ಅದು ಹಳೇ ಕಲೆ ಕಣಮ್ಮ. ಎಷ್ಟು ಉಜ್ಜಿದ್ರೂ ಹೋಗಲ್ಲ."

"ಹಾಗಾದ್ರೆ ಫೋಟೋಗೆ ಬಾಯಿ ಮುಚ್ಕೊಂಡು ನಿಂತ್ಕೊಳ್ಳಲಿ," ಅಂದರು ಬೀಗಿತ್ತಿ. ಎಲ್ಲರೂ ನಕ್ಕರು. ನಾನು ಲೋಹಿತ್‌ನ ಮುಖ ನೋಡಿದೆ. ಅವನು ಫೋನ್ ನೋಡುತ್ತಾ, "ಸುಮ್ನಿರಮ್ಮ, ಜನ ಇದ್ದಾರೆ. ಇನ್ನೊಂದ್ಸಲ ಬಂದಾಗ ಎತ್ಕೋ," ಅಂದ.

ಫೋಟೋಗೆ ಕರೆಯಲೂ ಇಲ್ಲ. ಬಡಿಸುವುದಕ್ಕೆ ಆಳು ಸಾಲದು ಅಂತ ಒಳಗೆ ಕಳಿಸಿದರು. ಮಗುವಿನ ಕಿವಿಯಲ್ಲಿ ಹೆಸರು ಹೇಳುವಾಗ ನಾನು ಸಾರಿನ ಬಕೆಟ್ ಹಿಡಿದಿದ್ದೆ. ಏನು ಹೆಸರಿಟ್ಟರು ಅಂತ ಆಮೇಲೆ ಬಡಿಸುವ ಹುಡುಗಿಯನ್ನು ಕೇಳಿ ತಿಳಿದುಕೊಂಡೆ.

ವಾಪಸ್ ಬರುವಾಗ ನಾಪೋಕ್ಲುವಿನಲ್ಲಿ ಬಸ್ಸಿಗೆ ಕಾಯುತ್ತಾ ಬೀಡಾ ಅಂಗಡಿಯ ಮುಂದೆ ನಿಂತೆ. ಅಂಗಡಿಯವನು ನನ್ನನ್ನು ಕಂಡವನೇ ಕೇಳದೆ ಪೊಟ್ಟಣ ತೆಗೆದಿಟ್ಟ. ಬೇಡ ಅಂದೆ. ಯಾಕೆ ಬೇಡ ಅಂದೆನೋ. ಇನ್ನು ಯಾರಿಗೆ ಬಾಯಿ ತೋರಿಸಬೇಕಾಗಿದೆ ನನಗೆ? ಆದರೂ ಇವತ್ತಿನವರೆಗೆ ಹಾಕಿಲ್ಲ.

ನೀನೂ ಬಿಡು ಅಂತ ನಾನು ಹೇಳುವುದಿಲ್ಲ, ಮನಸ್ಸಾದರೆ ಬಿಡು. ನಿನ್ನ ಮೊಮ್ಮಕ್ಕಳು ನಿನ್ನ ಮಡಿಲಲ್ಲೇ ಬೆಳೆಯಲಿ, ನಿನ್ನ ಕೈತುತ್ತು ತಿಂದು ಗಟ್ಟಿಯಾಗಲಿ. ಮಗಳಿಗೆ ನನ್ನ ಆಶೀರ್ವಾದ.

ನಿನ್ನ
ಲಿಂಗಮ್ಮ

ಮತ್ತೆ ಒಂದು ಮಾತು. ಬರೆಯಬಾರದು ಅಂದುಕೊಂಡಿದ್ದೆ. ನಾಮಕರಣದ ದಿನ ಊಟ ಎಲ್ಲ ಆದ ಮೇಲೆ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದೆ. ಅಲ್ಲಿ ಜಗಲಿಯ ಮೇಲೆ ಬೀಗರು, ದಿವ್ಯಶ್ರೀಯ ಅಪ್ಪ, ಕೂತಿದ್ದರು. ಎಡಗೈಯಲ್ಲಿ ಮಗು, ತುಟಿಯಲ್ಲಿ ಸಿಗರೇಟು. ನನ್ನ ಮಗ ಬಗ್ಗಿ ಕಡ್ಡಿ ಗೀರಿ ಹಚ್ಚಿಕೊಡುತ್ತಿದ್ದ. ತಲೆ ಎತ್ತಿದವನು ನನ್ನನ್ನು ಕಂಡ. "ಆ ಕಡೆ ಹೋಗಮ್ಮ," ಅಂದ ಮೆಲ್ಲಗೆ, "ಮಗು ಮಲಗಿದೆ."