ಕೋಡಿಯ ಚಪ್ಪಟೆ ಕಲ್ಲು

ಧುನಾತಾಲ್ ಕೆರೆಯ ದಂಡೆ,
ಕರಗುಮಾಸದ ನಲವತ್ತೊಂದನೆಯ ದಿನ

ಪೂಜ್ಯ ಸುವರ್ಣಲತಾ ಅಜ್ಜಿಯವರಿಗೆ, ನಿಮ್ಮ ಏಳನೆಯ ತಲೆಮಾರಿನ ಮೊಮ್ಮಗಳು ನೀಲಾಂಬಿಕೆ ಮಾಡುವ ನಮಸ್ಕಾರಗಳು.

ತಿಂಗಳಿಗೆ ನಲವತ್ತೊಂದು ದಿನವೇ ಎಂದು ಹುಬ್ಬೇರಿಸಬೇಡಿ. ಹಿಮ ಕರಗುವುದು ನಿಲ್ಲುವ ತನಕ ನಮ್ಮಲ್ಲಿ ಈ ತಿಂಗಳು ಮುಗಿಯುವುದಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ; ನಮ್ಮವರು ಧಾರವಾಡ ಬಿಟ್ಟು ಹಿಮಾಲಯ ಸೇರಿ ನಾಲ್ಕು ತಲೆಮಾರಾಯಿತು, ಕನ್ನಡಕ್ಕೂ ಚಳಿ ಹಿಡಿದಿದೆ. ಇದನ್ನು ಓದುವ ನಿಮಗೆ ನಿಮ್ಮ ಕಾಲದಲ್ಲಿ ಇಪ್ಪತ್ತೊಂಬತ್ತು, ಬರೆಯುವ ನನಗೆ ಅರವತ್ತೆಂಟು. ಆದರೂ ನಿಮ್ಮನ್ನು ಅಜ್ಜಿ ಎನ್ನದೆ ವಿಧಿಯಿಲ್ಲ, ಬೇಸರಿಸಬೇಡಿ.

ನಾಳೆ ನೀವು ಗೆಳತಿಯರೊಂದಿಗೆ ಇದೇ ಕೆರೆಗೆ ಬರುತ್ತೀರಿ. ಆ ದಿನದ ನಿಮ್ಮ ಚಿತ್ರ ನಮ್ಮ ಮನೆಯ ಗೋಡೆಯ ಮೇಲಿದೆ. ಕೆಂಪು ಟೊಪ್ಪಿಗೆ, ಬಾಯ್ತುಂಬ ನಗು, ಪಕ್ಕದಲ್ಲಿ ನೀವೇ ಒಂದರ ಮೇಲೊಂದು ಪೇರಿಸಿದ ಕಲ್ಲಿನ ಪುಟ್ಟ ಗೋಪುರ. ಚಿಕ್ಕವಳಿದ್ದಾಗ ಆ ಚಿತ್ರ ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದೆ.

ನಮ್ಮ ಕಾಲದಲ್ಲೂ ಜನ ಬರುತ್ತಾರೆ. ದಂಡೆಯುದ್ದಕ್ಕೂ ನಡೆಯುತ್ತಾರೆ, ದೋಣಿ ನಡೆಸುತ್ತಾರೆ, ತಣ್ಣೀರಿಗೆ ಇಳಿದು ಕಿರುಚುತ್ತಾರೆ, ಆಮೇಲೆ ನಡುಗುತ್ತ ಬಾರ್ಲಿ ಗಂಜಿ ಕುಡಿಯುತ್ತಾರೆ. ಬೆಳಗ್ಗೆ ಗಾಳಿ ಏಳುವ ಮುಂಚೆ ಶಿಖರಗಳು ನೀರಿನಲ್ಲಿ ತಲೆಕೆಳಗಾಗಿ ನಿಂತಾಗ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ. ಆದರೆ ಬರಿಗೈಯಲ್ಲಿ ಯಾರೂ ಹತ್ತುವಂತಿಲ್ಲ. ಪ್ರತಿಯೊಬ್ಬರೂ ಕೆಳಗಿನ ಹೊಳೆಯಿಂದ ಒಂದು ಕಲ್ಲು ಹೊತ್ತು ತರಬೇಕು. ಅದನ್ನು ಹೊರೆಗಲ್ಲು ಎನ್ನುತ್ತೇವೆ. ಹೊಸದಾಗಿ ಮದುವೆಯಾದವರು ಇಬ್ಬರೂ ಸೇರಿ ದೊಡ್ಡದೊಂದನ್ನು ತರುತ್ತಾರೆ. ಕೂಸಿನ ಪಾಲಿನದನ್ನು ತಾಯಿಯೇ ಹೊರಬೇಕು.

ಇದೆಲ್ಲ ಏಕೆಂದರೆ, ಗೋಪುರ ಕಟ್ಟಲು ನಿಮ್ಮ ಕಾಲದವರಿಗೆ ಚಪ್ಪಟೆ ಕಲ್ಲೇ ಬೇಕಿತ್ತು. ಅವು ಸಿಗುತ್ತಿದ್ದುದು ಒಂದೇ ಕಡೆ, ಕೆರೆಯ ನೀರು ಹೊರಬೀಳುವ ಕೋಡಿಯಲ್ಲಿ. ಈ ಕೆರೆಯ ಏರಿಯನ್ನು ಮನುಷ್ಯರು ಕಟ್ಟಿದ್ದಲ್ಲ. ಹಿಮನದಿ ತಂದು ಸುರಿದ ಮಣ್ಣು ಜಲ್ಲಿಯ ದಿಬ್ಬವದು. ಕೋಡಿಗೆ ಹಾಸಿದಂತಿದ್ದ ಆ ಕಲ್ಲುಗಳೇ ಜಲ್ಲಿ ಕೊಚ್ಚಿಹೋಗದಂತೆ ಹಿಡಿದಿದ್ದವು. ಬಂದವರೆಲ್ಲ ಏಳೆಂಟು ಎತ್ತಿದರು. ಕಟ್ಟಿದ ಗೋಪುರಗಳು ಹಿಮದ ಭಾರಕ್ಕೆ ಉರುಳಿ ಕೆರೆಯ ತಳ ಸೇರಿದವು. ನಾವಾದರೂ ಜಾಣರೇ? ಹೊಳೆಯ ಕಲ್ಲು ಗುಂಡಗಿರುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ನೀವು ಎತ್ತಿದ ಜಾಗ ತುಂಬಲೆಂದು ಭಕ್ತಿಯಿಂದ ತಂದು ಕೋಡಿಯಲ್ಲಿ ಇಟ್ಟವು ನೀರಿನ ಸೆಳೆತಕ್ಕೆ ಉರುಳಿ ಮತ್ತೆ ಹೊಳೆ ಸೇರಿದವು. ಮೂರು ತಲೆಮಾರು ಅವನ್ನೇ ಹೊತ್ತೆವು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಈಗ ಕೋಡಿ ಕುಸಿಯತೊಡಗಿದೆ, ಏರಿ ಇನ್ನು ಉಳಿಯದು. ಕೆಳಗಿನ ಊರಿನವರು ಗಂಟುಮೂಟೆ ಕಟ್ಟಿಕೊಂಡು ಬೆಟ್ಟ ಹತ್ತುತ್ತಿದ್ದಾರೆ. ನನ್ನ ಮಗಳು ಇರಾವತಿ ಆ ಊರಿನ ಸೂಲಗಿತ್ತಿ. ಹೊತ್ತು ಸಾಗಿಸಲಾಗದ ಸ್ಥಿತಿಯ ಬಸುರಿಯೊಬ್ಬಳು ಅಲ್ಲಿ ನೋವು ತಿನ್ನುತ್ತಿದ್ದಾಳೆ. ನಿನ್ನೆ ನಾನು ಹೋಗಿ ಮಗಳ ಕೈ ಹಿಡಿದು ಎಳೆದೆ. ಅವಳು ಕೈ ಬಿಡಿಸಿಕೊಂಡಳು. “ಆಕಿ ಹಡಿಯೂತನಕಾ ನಾ ಎಲ್ಲಿಗೂ ಬರಂಗಿಲ್ಲ ಬೇ ಅವ್ವಾ. ನೀ ಮೊದ್ಲ ಮ್ಯಾಲ ಹೋಗು” ಎಂದಳು. ಬೈದೆ, ಅತ್ತೆ, ಒಬ್ಬಳೇ ಹತ್ತಿ ಬಂದೆ. ರಾತ್ರಿಯಿಡೀ ಕಣ್ಣಿಗೆ ಕಣ್ಣು ಹತ್ತಲಿಲ್ಲ. ನನಗಿರುವವಳು ಅವಳೊಬ್ಬಳೇ, ಅಜ್ಜಿ.

ನಾಳೆ ದೋಣಿಯಲ್ಲಿ ಸುತ್ತಾಡಿ, ಈಜಿ, ಮನದಣಿಯೆ ನೋಡಿ, ನಮ್ಮ ತಕರಾರಿಲ್ಲ. ಕೋಡಿಯ ಬಳಿ ಬಗ್ಗಿದಾಗ ಮಾತ್ರ ಕೈ ತಡೆಯಿರಿ. ಗೆಳತಿಯರನ್ನೂ ತಡೆಯಿರಿ. ಅವರು ನಗಬಹುದು, ನಗಲಿ ಬಿಡಿ. ಇಷ್ಟನ್ನು ನಡೆಸಿಕೊಡಿ.

ಈ ಪತ್ರ ಮುಗಿಸಿ ನಾನು ಕೆಳಗಿಳಿಯುತ್ತೇನೆ. ಹೆರಿಗೆಯ ಮನೆಯಲ್ಲಿ ನೀರು ಕಾಯಿಸಲು ಒಬ್ಬರಾದರೂ ಬೇಕಲ್ಲ.

ನಿಮ್ಮ
ನೀಲಾಂಬಿಕೆ