ಅಜ್ಜನ ಹೆಸರಿನ ಬಾಟ್ಲಿ

ಮೂಡುಬಿದಿರೆ
ಮಂಗಳವಾರ

ಜ್ಯೋತ್ಸ್ನಕ್ಕಾ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು "ಆಯ್ತು" ಎಂದೆ. ಅದು ಸುಳ್ಳು. ಅದಕ್ಕೇ ಈ ಕಾಗದ. ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟವನ ಅಕ್ಷರ, ಸಹಿಸಿಕೊಂಡು ಓದು.

ಶುಕ್ರವಾರ ಬಾವ ಜಾಮೀನಿನಲ್ಲಿ ಹೊರಗೆ ಬರುತ್ತಾರೆ. "ಇವರಿಗೆ ಮಾತ್ರ ಹೇಳ್ಬೇಡ ಮಾರಾಯ, ನಾನು ಕುಡೀತಿದ್ದದ್ದು" ಎಂದು ನೀನು ಮೆಲ್ಲಗೆ ಹೇಳಿದೆ. ನಾನು ಪಂಕ್ಚರ್ ಅಂಗಡಿಯಲ್ಲಿ ಕೈಯಲ್ಲಿ ಟ್ಯೂಬು ಹಿಡಿದು ನಿಂತಿದ್ದೆ. ಆಮೇಲೆ ಕೆಲಸ ಸಾಗಲಿಲ್ಲ.

ಶುರುವಾದದ್ದು ಹೇಗೆಂದು ನಮ್ಮಿಬ್ಬರಿಗೂ ಗೊತ್ತುಂಟು. ಬಾವ ಹೊಡೆದಾಟದ ಕೇಸಿನಲ್ಲಿ ಮಂಗಳೂರಿನ ಜೈಲು ಸೇರಿದ ತಿಂಗಳೇ ನೀನು ಕೊರಗಜ್ಜ ದೈವಕ್ಕೆ ಹರಕೆ ಹೇಳಿಕೊಂಡೆ. ಜಾಮೀನು ಸಿಕ್ಕಿದರೆ ಕಟ್ಟೆಯಲ್ಲಿ ಅಜ್ಜನಿಗೆ ಪ್ರೀತಿಯ ವೀಳ್ಯ, ಚಕ್ಕುಲಿ, ಒಂದು ಬಾಟ್ಲಿ. ವೈನ್ ಶಾಪಿಗೆ ಹೆಂಗಸು ಹೋಗುವುದುಂಟಾ ಎಂದು, ಮೊದಲೇ ತಂದಿಡಲಿಕ್ಕೆ ನನ್ನನ್ನು ಕಳಿಸಿದೆ. ನಾನು ತಂದುಕೊಟ್ಟೆ. ಜಾಮೀನಿನ ಅರ್ಜಿ ತಿರಸ್ಕಾರವಾದ ಮಧ್ಯಾಹ್ನ ನೆರಿಯದ ನಿನ್ನ ಮನೆಗೆ ಬಂದರೆ ಮಗು ಪ್ರಾಪ್ತಿ ಅಂಗಳದಲ್ಲಿ ಒಬ್ಬಳೇ ಆಡುತ್ತಿದ್ದಳು. ಒಳಗೆ ನಿನ್ನ ಮುಂದೆ ಕಟ್ಟದ ಬೀಡಿ ಎಲೆಗಳ ರಾಶಿ, ಅದರ ಮೇಲೆ ಬಾಟ್ಲಿಯ ಮುಚ್ಚಳ. "ಇವರು ಹೋದ ಮೇಲೆ ನಿದ್ರೆಯೇ ಇಲ್ಲ ಶ್ರವಣ್" ಎಂದೆ ನೀನು, ನಾನೇನೂ ಕೇಳುವ ಮೊದಲೇ.

ಅಲ್ಲಿಂದ ಕೋರ್ಟಿನ ಪ್ರತಿ ವಾಯಿದೆಗೂ "ಅಜ್ಜನಿಗೊಂದು ತರ್ತೀಯಾ?" ಎಂದು ನೀನು ಕೇಳುವುದು, ನಾನು ತರುವುದು. ಆಮೇಲೆ ವಾಯಿದೆ ಇಲ್ಲದ ದಿನವೂ. ಅಜ್ಜನ ಕಟ್ಟೆಗೆ ಒಂದೂ ಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು. ನೀನು ಅಳುವುದನ್ನು ನೋಡುವುದಕ್ಕಿಂತ ತಂದುಕೊಡುವುದು ಸುಲಭ, ಅದಕ್ಕೇ ತಂದೆ. ಈ ತಪ್ಪು ನನ್ನದು.

ಪಕ್ಕದ ಮನೆಯ ಪ್ರೇಮಾವತಿಯಕ್ಕ ಬಾವಿಕಟ್ಟೆಯಲ್ಲಿ ಹೇಳಿದ್ದು ನೆನಪುಂಟಾ? "ಗಂಡ ಒಳಗೆ, ಇವಳಿಗೆ ಹೊರಗೆ ಮಜಾ." ಅವರ ಯಜಮಾನರು ಕುಡಿದು ಚರಂಡಿಗೆ ಬಿದ್ದಾಗ ಅದೇ ಅಕ್ಕ "ಪಾಪ, ಬೇಜಾರದಲ್ಲಿ ಕುಡಿದದ್ದು" ಎಂದಿದ್ದರು. ಬೇಜಾರವೂ ಗಂಡಸರಿಗೇ ಮೀಸಲು.

ನಿನ್ನ ಬೆರಳು ನಡುಗಿ ಬೀಡಿ ಸಡಿಲವಾಯಿತು, ಬೀಡಿ ಕಂಪೆನಿಯ ಬ್ರಾಂಚಿನವರು ಕಟ್ಟು ವಾಪಸು ಕಳಿಸಿದರು. ಕುಡಿಯುವುದು ನಿಲ್ಲಿಸುತ್ತೇನೆ ಎಂದೆ ನೀನು, ನಿಲ್ಲಲಿಲ್ಲ. ಕೊನೆಗೆ ಆ ಭಾನುವಾರ ಬಂತು. ಖಾಲಿ ಬಾಟ್ಲಿಗೆ ನೀರು ತುಂಬಿಸಿ, ಅಂಗಳದಲ್ಲೊಂದು ಕಲ್ಲು ನೆಟ್ಟು, ಆರು ವರ್ಷದ ಪ್ರಾಪ್ತಿ ಕೈಮುಗಿದು ಕೂತಿದ್ದಳು. "ಅಜ್ಜಾ, ಇದು ಪೂರ ನೀನೇ ಕುಡಿ. ಅಮ್ಮನಿಗೆ ಕೊಡ್ಬೇಡ." ನಾವಿಬ್ಬರೂ ಬಾಗಿಲಲ್ಲಿ ನಿಂತು ಕೇಳಿದೆವು.

ಮರುದಿನ ಬೆಳಿಗ್ಗೆ ನೀನೇ ಸೀರೆ ಉಟ್ಟು ಹೊರಟೆ. ಆಸ್ಪತ್ರೆಯಲ್ಲಿ ಕುಡಿತ ಬಿಡಿಸುವ ಆ ಕೋಣೆಯ ಮುಂದೆ ಇದ್ದದ್ದು ಪೂರ ಹೆಂಡತಿಯರು, ತಾಯಂದಿರು. ನರ್ಸಮ್ಮ ತಲೆ ಎತ್ತದೆ ಗಂಡನ ಹೆಸರು ಕೇಳಿ ಚೀಟಿಯಲ್ಲಿ ಬರೆದು, "ಪೇಷೆಂಟನ್ನು ಕರ್ಕೊಂಡು ಬನ್ನಿ ಅಮ್ಮ, ನೋಡದೆ ಮದ್ದು ಕೊಡ್ಲಿಕ್ಕಾಗುವುದಿಲ್ಲ" ಎಂದರು. ನಾನು ಗೋಡೆಯ ಪೋಸ್ಟರ್ ಓದುವವನ ಹಾಗೆ ಆಚೆ ತಿರುಗಿದೆ. ನೀನು ಹೇಳಿದೆ, "ಪೇಷೆಂಟ್ ನಾನೇ. ಗಂಡ ಜೈಲಿನಲ್ಲಿದ್ದಾರೆ. ಕುಡಿಯುವುದು ನಾನು." ಸಾಲಿಗೆ ಸಾಲೇ ತಿರುಗಿ ನೋಡಿತು. ನರ್ಸಮ್ಮ ಬಾವನ ಹೆಸರು ಹೊಡೆದುಹಾಕಿ ನಿನ್ನ ಹೆಸರು ಬರೆದು ಕುರ್ಚಿ ಎಳೆದುಕೊಟ್ಟರು.

ಅಕ್ಕಾ, ನಾನು ಶಾಲೆ ಬಿಟ್ಟು ಓಡಿದವನು, ಹೋಟೆಲು ಬಿಟ್ಟು ಓಡಿದವನು, ಗ್ಯಾರೇಜು ಬಿಟ್ಟೂ ಓಡಿದವನು. ಓಡದೆ ನಿಲ್ಲುವುದು ಹೇಗಿರುತ್ತದೆಂದು ಆ ದಿನ ನಿನ್ನ ಹಿಂದೆ ನಿಂತು ನೋಡಿದೆ. ಎದೆ ಉಬ್ಬಿ ಬಂತು. ಈ ಐದು ತಿಂಗಳಲ್ಲಿ ನೀನು ಒಮ್ಮೆ ಜಾರಿದೆ, ಅದನ್ನೂ ನೀನೇ ಫೋನು ಮಾಡಿ ಹೇಳಿದೆ. ಈಗ ಬ್ರಾಂಚಿನಿಂದ ಒಂದು ಕಟ್ಟೂ ವಾಪಸು ಬರುವುದಿಲ್ಲ.

ಇಷ್ಟು ಮಾಡಿದವಳು ಬಾವನ ಮುಂದೆ ತಲೆ ತಗ್ಗಿಸಬೇಕಾ? ನಾನಾಗಿ ಹೇಳುವುದಿಲ್ಲ. ಆದರೆ ಅವರು ಕೇಳಿದರೆ ಸುಳ್ಳು ಹೇಳಲಾರೆ. ಬಾವಿಕಟ್ಟೆಯಿಂದ ಸುದ್ದಿ ಹೋಗುವ ಮೊದಲು ನಿನ್ನ ಬಾಯಿಂದಲೇ ಹೋಗಲಿ. ನರ್ಸಮ್ಮನಿಗೆ ಹೇಳಿದ ಹಾಗೆಯೇ ಹೇಳು. ತಂದುಕೊಟ್ಟವನು ನಾನು ಎಂದು ನಾನೂ ಪಕ್ಕದಲ್ಲೇ ಕೂತು ಹೇಳುತ್ತೇನೆ. ಬೈದರೆ ಇಬ್ಬರಿಗೂ ಬೈಯಲಿ.

ಹರಕೆ ತೀರಿಸಬೇಕಲ್ಲ. "ಬಾಟ್ಲಿ ನನ್ನ ಕೈಗೆ ಬೇಡ, ನೀನೇ ಇಟ್ಟು ಬಾ" ಎಂದೆಯಲ್ಲ, ಅದು ಸರಿ. ಶನಿವಾರ ಬೆಳಿಗ್ಗೆ ಮನೆಗೆ ತಾರದೆ ನೇರ ಕಟ್ಟೆಗೇ ತರುತ್ತೇನೆ. ನೀನು ವೀಳ್ಯ, ಚಕ್ಕುಲಿ ಹಿಡಿದು ಬಾವನ ಜೊತೆ ಬಾ. ಪ್ರಾಪ್ತಿಯನ್ನೂ ಕರೆದುಕೊಂಡು ಬಾ. ಈ ಸಲದ ಬಾಟ್ಲಿ ನಿಜವಾಗಿ ಅಜ್ಜನಿಗೇ ಎಂದು ಅವಳು ಕಣ್ಣಾರೆ ನೋಡಲಿ.

ಅಜ್ಜ ನಿನ್ನ ಕೈಯನ್ನು ಹೀಗೇ ಗಟ್ಟಿಯಾಗಿ ಇಡಲಿ ಅಕ್ಕಾ.

ನಿನ್ನ ತಮ್ಮನೆಂದು ಎಲ್ಲಿ ಬೇಕಾದರೂ ಹೇಳಿಕೊಳ್ಳುವ,
ಶ್ರವಣ್