ಹುಳುವಿನ ಮನೆಯ ಹೊರಗೆ

ಬೂದಿಗೆರೆ
೧೪-೭-೧೯೭೬

ನಮ್ಮ ಮನೆಯವರಿಗೆ ಮುನಿತಾಯಮ್ಮ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಕೆಮ್ಮು ನಿಂತಿತೇ? ನೆಲಮಂಗಲದ ಕಡೆ ಮಲೇರಿಯಾ ಸೊಳ್ಳೆಗೆಂದು ಮನೆಮನೆಗೂ ಡಿಡಿಟಿ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರೋ, ಇಲ್ಲ ಯಾರು ಕೇಳುತ್ತಾರೆ ಎಂದು ಹಾಗೇ ನುಗ್ಗುತ್ತೀರೋ? ನನ್ನ ಮಾತು ನೀವು ಯಾವತ್ತು ಕೇಳಿದ್ದೀರಿ! ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆಯೇ, ಬರೆಯಿರಿ.

ಹೋದ ಸಲ ನೀವು ಬಂದದ್ದೇ ಮತ್ತೆ ಮತ್ತೆ ನೆನಪಾಗುತ್ತದೆ. ಮನೆ ತುಂಬ ರೇಷ್ಮೆಹುಳುವಿನ ತಟ್ಟೆಗಳಿದ್ದವು. ನಿಮ್ಮ ಮೈಬಟ್ಟೆಯ ಔಷಧಿ ಸೋಕಿದರೆ ಹುಳು ಸಾಯುತ್ತವೆಂದು ಅತ್ತೆ ನಿಮ್ಮನ್ನು ಹುಣಸೆಮರದ ಹತ್ತಿರವೇ ತಡೆದರು. "ಮೈ ತೊಳ್ಕೊಂಡೇ ಬಂದಿವ್ನಿ ಕಣಮ್ಮಾ" ಎಂದು ನೀವು ಗೋಗರೆದರೂ, "ಅಲ್ಲೇ ನಿಂತ್ಕಳಪ್ಪಾ, ಗೂಡು ಕಟ್ಟೋಗಂಟ ಹೊಸ್ಲು ತುಳೀಬ್ಯಾಡ" ಎಂದುಬಿಟ್ಟರು. ಊರವರ ಅಡುಗೆಮನೆಗೂ ಹೋಗಿ ಬರುವವರು ನೀವು, ನಮ್ಮ ಮನೆಗೆ ಮಾತ್ರ ಹೊರಗಿನವರು! ಮುದ್ದೆಯ ಗಂಗಳವನ್ನು ಚಪ್ಪಡಿಯ ಮೇಲಿಟ್ಟು ನಾನು ಹಿಂದೆ ಸರಿದೆ. ಮಗಳು ಸಪ್ಪಲು "ಅಪ್ಪಾ" ಎಂದು ಓಡಿ ಬಂದರೆ ಅವಳನ್ನೂ ಎತ್ತಿಕೊಳ್ಳದೆ ಬಸ್ಸಿಗೆ ಹೊರಟಿರಿ. ಸಾಯಂಕಾಲದವರೆಗೂ ಅತ್ತಳು.

ಅತ್ತೆಯನ್ನು ಬೈಯುವ ಹಾಗೂ ಇಲ್ಲ. ವರ್ಷದ ಬಟ್ಟೆಬರೆ, ಉಪ್ಪು, ಎಣ್ಣೆ ಎಲ್ಲ ಆ ಹುಳುಗಳಿಂದಲೇ. ಅದಕ್ಕೇ ನಿಮ್ಮ ಇಲಾಖೆಯವರು ಪಂಪು ಹೊತ್ತು ಬಂದಾಗಲೆಲ್ಲ ಅತ್ತೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ನಾನೂ ಅವರ ಜೊತೆಗೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಹಾಕಿ, ಹಿಕ್ಕೆ ಬಳಿದವಳೇ. ಆದರೆ ರೀ, ನಿಜ ಹೇಳುತ್ತೇನೆ, ನಿಮ್ಮನ್ನು ನೋಡಬೇಕೆನಿಸುತ್ತದೆ. ಬರೀ ನೋಡುವುದಲ್ಲ, ಒಳಗೆ ಮಣೆ ಹಾಕಿ ಕೂರಿಸಿ ಬಿಸಿ ಸಾರು ಬಡಿಸಬೇಕೆನಿಸುತ್ತದೆ. ಬಸ್ಸಿನ ಸದ್ದಾದರೆ ಕೈಯಲ್ಲಿನ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತೇನೆ. ಅತ್ತೆ ನೋಡಿಯೂ ನೋಡದ ಹಾಗೆ ಇರುತ್ತಾರೆ.

ಅತ್ತೆಯ ಆಶೀರ್ವಾದ, ಮಗಳ ಮುತ್ತು ನಿಮಗೆ. ಮೈ ಕಡೆ ಗಮನವಿರಲಿ.

ನಿಮ್ಮ
ಮುನಿತಾಯಿ

ಮರೆತೆ. ಇಲ್ಲ, ಮರೆಯಲಿಲ್ಲ, ಬರೆಯಲು ಕೈ ಬರಲಿಲ್ಲ. ಸಪ್ಪಲುಗೆ ಚಳಿಜ್ವರ ಬಂದಿತ್ತು. ಮಲೇರಿಯಾದವರು ಬೆರಳು ಚುಚ್ಚಿ ರಕ್ತ ತೆಗೆದುಕೊಂಡು ಹೋಗಿ, ಅದೇ ಎಂದರು. ಮಾತ್ರೆ ನುಂಗಿಸಿದ್ದೇವೆ, ಈಗ ಗಂಜಿ ಕುಡಿದು ಆಡುತ್ತಿದ್ದಾಳೆ, ಗಾಬರಿ ಬೇಡ. ವಿಷಯ ತಿಳಿದ ದಿನವೇ ಅತ್ತೆ ಹುಳುವನ್ನೆಲ್ಲ ತಟ್ಟೆ ಸಮೇತ ಪಕ್ಕದೂರಿನ ಅಮ್ಮಯಮ್ಮನಿಗೆ ಕೊಟ್ಟುಬಿಟ್ಟರು. ತಾವೇ ಹೋಗಿ ಪಂಪಿನವರನ್ನು ಕರೆತಂದು ಒಳಗೋಡೆಗೆಲ್ಲ ಹೊಡೆಸಿದರು. ಇನ್ನು ಈ ವರ್ಷ ನಮ್ಮ ಮನೆಯಲ್ಲಿ ಹುಳುವಿಲ್ಲ. ಅತ್ತೆ ಬರಿದಾದ ಪಡಸಾಲೆಯನ್ನು ಗುಡಿಸಿ, ಆಮೇಲೆ ಅಂದದ್ದು ಇಷ್ಟೇ: "ಅವನ್ಗೆ ಕಾಗ್ದ ಬರಿಯೇ, ಒಳಕ್ಕೇ ಬರ್ಲಿ ಅಂತ."